ಆ ‘ಏನೋ ಒಂದು’ ಏನು ಅಂತ ಮಗುವಿಗೆ ಹೇಳಿ

ಇಂದ:
ಸಂಗೀತ ಶಿಕ್ಷಕಿ,
ಸಾಲಗಾಮೆ ರಸ್ತೆ, ಹಾಸನ

ಗೆ:
ಕಾರ್ಯಕ್ರಮ ಮುಖ್ಯಸ್ಥರು,
ಮಕ್ಕಳ ಗಾಯನ ಸ್ಪರ್ಧೆ ವಿಭಾಗ

ವಿಷಯ: ನಿಮ್ಮ ಟಿವಿ ಗಾಯನ ಸ್ಪರ್ಧೆಯಲ್ಲಿ ತೀರ್ಪು ಕೊಟ್ಟ ರೀತಿಯ ಬಗ್ಗೆ ದೂರು

ಮಾನ್ಯರೇ,

ನಾನು ಹಾಸನದಲ್ಲಿ 22 ವರ್ಷದಿಂದ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದೇನೆ. ನಿಮ್ಮ ಸ್ಪರ್ಧೆಯ ಮೂರನೇ ಸುತ್ತಿನಲ್ಲಿ ಹೊರಗೆ ಬಂದ ಆಲೂರಿನ ಹುಡುಗಿ ನನ್ನ ಶಿಷ್ಯೆ. ಅವಳಿಗೆ 12 ವರ್ಷ. ಅವಳು ಸೋತಳು ಅಂತ ಈ ಪತ್ರ ಬರೆಯುತ್ತಿಲ್ಲ. ಸ್ಪರ್ಧೆ ಅಂದ ಮೇಲೆ ಸೋಲು ಗೆಲುವು ಇದ್ದಿದ್ದೇ. ಆದರೆ ಯಾಕೆ ಸೋತೆ ಅಂತ ಮೂವರು ತೀರ್ಪುಗಾರರಲ್ಲಿ ಒಬ್ಬರೂ ಅವಳಿಗೆ ಹೇಳಲಿಲ್ಲ. ನನ್ನ ದೂರು ಅದು.

ಆವತ್ತು ನಾನೂ ಸ್ಟುಡಿಯೋದಲ್ಲಿದ್ದೆ, ಅವಳ ಅಮ್ಮನ ಪಕ್ಕ ಕೂತಿದ್ದೆ. ಬೆಳಿಗ್ಗೆ 9ಕ್ಕೆಲ್ಲಾ ಬರಬೇಕು ಅಂದಿದ್ದಿರಿ. ಅವಳ ಸರದಿ ಬಂದಾಗ ರಾತ್ರಿ ಹತ್ತೂವರೆ. ಮಕ್ಕಳ ಕಲಾವಿದರಿಂದ ದಿನಕ್ಕೆ 5 ಗಂಟೆಗಿಂತ ಜಾಸ್ತಿ ಕೆಲಸ ಮಾಡಿಸಬಾರದು, ಬಿಡುವಿಲ್ಲದೆ 3 ಗಂಟೆ ದಾಟಬಾರದು ಅಂತ ಬಾಲಕಾರ್ಮಿಕ ನಿಯಮಗಳಿಗೆ 2017ರಲ್ಲಿ ಆದ ತಿದ್ದುಪಡಿಯಲ್ಲಿ ಇದೆ. ಕಾಯಿಸುವುದನ್ನು ನೀವು ಕೆಲಸ ಅಂತ ಲೆಕ್ಕ ಹಾಕುತ್ತೀರೋ ಇಲ್ಲವೋ, ಹದಿಮೂರು ಗಂಟೆ ಕಾದ ಮಗುವಿನ ಗಂಟಲು ಅದನ್ನು ಲೆಕ್ಕ ಹಾಕುತ್ತದೆ.

ಅವಳದು ಐದು ಶ್ರುತಿ, ಅಂದರೆ ಹಾರ್ಮೋನಿಯಂನ ಐದನೇ ಬಿಳಿ ಮನೆಯನ್ನು ‘ಸ’ ಮಾಡಿಕೊಂಡು ಹಾಡುತ್ತಾಳೆ. ಹದಿನೈದು ದಿನ ಅಭ್ಯಾಸ ಮಾಡಿದ್ದು ಅದರಲ್ಲೇ. ಆವತ್ತು ಮಧ್ಯಾಹ್ನ ನಿಮ್ಮವರು ಟ್ರ್ಯಾಕನ್ನು ಆರಕ್ಕೆ ಏರಿಸಿದರು. ‘ಟಿವಿಯಲ್ಲಿ ಬ್ರೈಟಾಗಿ ಕೇಳಿಸುತ್ತೆ’ ಅಂದರು. ಹಾರ್ಮೋನಿಯಂ ಮೇಲೆ ನೋಡಿದರೆ ಐದರ ಪಕ್ಕದ ಬಿಳಿ ಮನೆಯೇ ಆರು. ಆದರೆ ಅವಳು ಹಾಡಿದ ಭಾವಗೀತೆಯ ಎರಡನೇ ಚರಣ ಮೇಲಿನ ಪಂಚಮದವರೆಗೆ, ಅಂದರೆ ಮೇಲಿನ ಸ್ಥಾಯಿಯ ‘ಪ’ವರೆಗೆ ಹೋಗುತ್ತದೆ. ಅಲ್ಲಿಗೆ ಬಂದಾಗ ಅವಳ ಕತ್ತಿನ ನರ ಉಬ್ಬಿದ್ದು ನಾನು ಕೂತ ಜಾಗಕ್ಕೇ ಕಾಣಿಸಿತು. ಪಂಚಮ ಮುಟ್ಟಿದಳು, ನಿಲ್ಲಿಸೋಕೆ ಆಗಲಿಲ್ಲ. ಉಸಿರು ಸಾಲದೆ ಸಾಲಿನ ಕೊನೆಯ ಅಕ್ಷರ ನುಂಗಿದಳು. ಅದು ತಪ್ಪೇ. ನಾನು ತೀರ್ಪುಗಾರಳಾಗಿದ್ದರೂ ಅಲ್ಲಿ ಅಂಕ ಕಳೆಯುತ್ತಿದ್ದೆ. ಆದರೆ ಕಳೆದಿದ್ದು ಎಲ್ಲಿ, ಎಷ್ಟು, ಯಾಕೆ ಅಂತ ಅವಳಿಗೆ ಹೇಳುತ್ತಿದ್ದೆ.

ನಿಮ್ಮ ತೀರ್ಪುಗಾರರು ಮಾತಾಡಿದ್ದು ಅವಳ ಅಪ್ಪನ ಗೂಡ್ಸ್ ಆಟೋ ಬಗ್ಗೆ. ಆಟೋ ಓಡಿಸಿ ಮಗಳಿಗೆ ಸಂಗೀತ ಕಲಿಸುತ್ತಿದ್ದಾರೆ ಅಂತ ಹೊಗಳಿದರು. ಅವರ ಮನೆಯವರನ್ನು ವೇದಿಕೆಗೆ ಕರೆಸಿದರು. ಅಮ್ಮ ಅತ್ತರು, ಅವಳೂ ಅತ್ತಳು, ಕ್ಯಾಮೆರಾ ಹತ್ತಿರ ಬಂತು. ಹಾಡಿನ ವಿಷಯಕ್ಕೆ ಬಂದಾಗ ಒಬ್ಬರು ಹೇಳಿದ್ದು ಇಷ್ಟು: ‘ಪುಟ್ಟಾ, ತುಂಬಾ ಚೆನ್ನಾಗಿ ಹಾಡ್ದೆ. ಆದ್ರೆ ಏನೋ ಒಂದು ಮಿಸ್ಸಿಂಗ್ ಅನ್ನಿಸ್ತು.’ ಉಳಿದ ಇಬ್ಬರು ಹೌದು ಅಂತ ತಲೆ ಆಡಿಸಿದರು. ಹತ್ತಕ್ಕೆ ಆರು ಅಂಕ ಬಂತು.

ಆ ‘ಏನೋ ಒಂದು’ ಈಗ ನಮ್ಮ ಮನೆಗೆ ಬಂದು ಕೂತಿದೆ. ಊರಿಗೆ ವಾಪಸ್ ಬಂದ ಮೇಲೆ ಮೊದಲ ಪಾಠದ ದಿನ ತಂಬೂರಿ ಶುರು ಮಾಡುವ ಮೊದಲೇ ಕೇಳಿದಳು, ‘ಮಿಸ್, ಏನೋ ಒಂದು ಅಂದ್ರೆ ಏನು?’ ಪಂಚಮದ ವಿಷಯ ಹೇಳಿದೆ. ಅವಳು ಒಪ್ಪಲಿಲ್ಲ. ‘ಅದಾಗಿದ್ರೆ ಅವರೇ ಹೇಳ್ತಿದ್ರು ಅಲ್ವಾ?’ ಅಂದಳು. ಮುಂದಿನ ವಾರ ಬಂದಾಗ ಪಲ್ಲವಿಗೆ ಬೇಡದ ಸಂಗತಿಗಳನ್ನೆಲ್ಲ, ಅಂದರೆ ಅದೇ ಸಾಲನ್ನು ಬೇರೆ ಬೇರೆ ರೀತಿ ತಿರುಗಿಸಿ ಹಾಡುವ ವರಸೆಗಳನ್ನೆಲ್ಲ, ಸೇರಿಸಿಕೊಂಡು ಹಾಡಿದಳು. ಅದರ ಮುಂದಿನ ವಾರ ಕೇಳಿದ್ದು, ‘ಮಿಸ್, ನನ್ನ ಲಂಗ ಚೆನ್ನಾಗಿರಲಿಲ್ವಾ?’ ಆ ಲಂಗವನ್ನು ಅವಳ ಅಮ್ಮ ಹಾಸನದ ಅಂಗಡಿಗಳನ್ನೆಲ್ಲ ಸುತ್ತಿ ಬಟ್ಟೆ ತಂದು ಹೊಲಿಸಿದ್ದರು. ನನಗೆ ಆವತ್ತು ಪಾಠ ಮಾಡೋಕೆ ಆಗಲಿಲ್ಲ. ಆವತ್ತೇ ಈ ಪತ್ರ ಬರೆಯೋಣ ಅಂತ ಕೂತೆ.

ಅದೇ ಸಂಚಿಕೆಯಲ್ಲಿ ಒಬ್ಬ ಹುಡುಗ ಹಾಡಿದ. ಒಳ್ಳೆ ಕಂಠ, ಅವನ ಮೇಲೆ ನನಗೆ ಏನೂ ಇಲ್ಲ. ಆದರೆ ಎರಡನೇ ಬಿಜಿಎಂ, ಅಂದರೆ ಸಾಲುಗಳ ನಡುವೆ ಬರುವ ವಾದ್ಯದ ಭಾಗ, ಮುಗಿಯುವ ಮೊದಲೇ ಅರ್ಧ ಎಣಿಕೆ ಮುಂದೆ ಎತ್ತಿಕೊಂಡ. ಎರಡು ಸಾಲು ತಾಳಕ್ಕೆ ಸಿಗಲಿಲ್ಲ. ‘ಹೂವು’ ಅನ್ನುವುದು ‘ಊವು’ ಆಯಿತು, ‘ಬೆಳಕು’ ‘ಬೆಲಕು’ ಆಯಿತು. ಮೂವರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಹತ್ತಕ್ಕೆ ಹತ್ತು ಕೊಟ್ಟರು. ಆ ಹುಡುಗನಿಗೂ ಅನ್ಯಾಯವೇ ಆಯಿತು. ಅವನು ಮುಂದಿನ ಸುತ್ತಿನಲ್ಲೂ ‘ಊವು’ ಅಂತಲೇ ಹಾಡುತ್ತಾನೆ.

ಇನ್ನೊಂದು ಮಾತು. ಸ್ಟುಡಿಯೋದಲ್ಲಿ ನಾನು ಕೇಳಿದ್ದೇ ಬೇರೆ, ಟಿವಿಯಲ್ಲಿ ಬಂದಿದ್ದೇ ಬೇರೆ. ಅಲ್ಲಿ ಇಳಿದಿದ್ದ ಸ್ವರಗಳು ಟಿವಿಯಲ್ಲಿ ಸರಿಯಾಗಿ ಶ್ರುತಿಗೆ ಕೂತಿದ್ದವು. ನನ್ನ ಶಿಷ್ಯೆಯ ಪಂಚಮವೂ ನೆಟ್ಟಗಾಗಿತ್ತು. ಆಮೇಲೆ ಸಾಫ್ಟ್‌ವೇರ್‌ನಲ್ಲಿ ತಿದ್ದಿದ್ದೀರಿ. ಹಾಗಾದರೆ ಮನೆಯಲ್ಲಿ ಕೂತು ಓಟು ಹಾಕುವವರು ಯಾವ ಹಾಡಿಗೆ ಹಾಕುತ್ತಿದ್ದಾರೆ? ಅವಳು ಚರಣ ಹಾಡುವಾಗ ಒಬ್ಬ ತೀರ್ಪುಗಾರರು ಮುಖ ಸಿಂಡರಿಸಿದ ಹಾಗೆ ತೋರಿಸಿದ್ದೀರಿ. ಅವರು ಆಗ ಹಾಗೆ ಮಾಡಲೇ ಇಲ್ಲ. ಬೇರೆ ಹೊತ್ತಿನ ಶಾಟ್ ತಂದು ಅಲ್ಲಿ ಅಂಟಿಸಿದ್ದೀರಿ. ಅದನ್ನು ಅವಳು ಮೊಬೈಲಿನಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡುತ್ತಾಳೆ.

ತೀರ್ಪು ಕೊಡುವುದು ಕಷ್ಟ ಅಂತ ನನಗೂ ಗೊತ್ತು. ತಾಲ್ಲೂಕು ಮಟ್ಟದ ಪ್ರತಿಭಾ ಕಾರಂಜಿಯಲ್ಲಿ ಭಾವಗೀತೆಗೆ ಎಷ್ಟೋ ವರ್ಷ ತೀರ್ಪುಗಾರಳಾಗಿ ಕೂತಿದ್ದೇನೆ. ಶಾಲೆಯ ಬೆಂಚಿನ ಮೇಲೆ ಕೂತು, ಶ್ರುತಿಗೆ ಇಷ್ಟು, ತಾಳಕ್ಕೆ ಇಷ್ಟು, ಸಾಹಿತ್ಯ ಮತ್ತು ಉಚ್ಚಾರಕ್ಕೆ ಇಷ್ಟು, ಭಾವಕ್ಕೆ ಇಷ್ಟು ಅಂತ ಹಾಳೆಯಲ್ಲಿ ಗೆರೆ ಎಳೆದುಕೊಂಡು ಬರೆದಿದ್ದೇವೆ. ಮಗುವಿನ ಅಪ್ಪ ಬಂದು ಕೇಳಿದರೆ ತೋರಿಸೋಕೆ ನಮ್ಮ ಹತ್ತಿರ ಆ ಹಾಳೆ ಇರುತ್ತಿತ್ತು. ಅಷ್ಟೊಂದು ದೀಪ, ಅಷ್ಟೊಂದು ಕ್ಯಾಮೆರಾ ಇರುವ ನಿಮಗೆ ಆ ಒಂದು ಹಾಳೆ ಕಷ್ಟವೇ?

ನನ್ನ ತವರು ಅರಕಲಗೂಡು ತಾಲ್ಲೂಕು. ಕರ್ನಾಟಕ ಸಂಗೀತದ ಗಾಯಕ ಆರ್.ಕೆ. ಶ್ರೀಕಂಠನ್ ಅವರು ಹುಟ್ಟಿದ ರುದ್ರಪಟ್ಟಣ ನಮ್ಮ ಹಳ್ಳಿಗೆ ಹತ್ತಿರ. ಕಾವೇರಿ ದಡದ ಆ ಊರಿನ ಸಂಗೀತಗಾರರ ಮಾತು ಕೇಳುತ್ತಲೇ ಬೆಳೆದವರು ನಾವು. ನನಗೆ ಪಾಠ ಹೇಳಿದ ಮೇಷ್ಟ್ರು ‘ಸರಿ ಇಲ್ಲ’ ಅಂತ ಒಂದು ದಿನವೂ ಹೇಳಿ ಸುಮ್ಮನಾಗಲಿಲ್ಲ. ‘ಈ ನಿಷಾದ ಇಳಿದಿದೆ, ಷಡ್ಜ ಹಿಡಿದುಕೊಂಡು ಮತ್ತೆ ಬಾ’ ಅನ್ನುತ್ತಿದ್ದರು. ಟಿವಿಯಲ್ಲೂ ಇದು ಆಗದ ಕೆಲಸ ಅಲ್ಲ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು ಈಟಿವಿ ಕನ್ನಡದಲ್ಲಿ ನಡೆಸಿಕೊಡುತ್ತಿದ್ದ ಕಾರ್ಯಕ್ರಮ ನೋಡಿದವರಿಗೆ ಗೊತ್ತು. ಅವರ ಮನೆಮಾತು ತೆಲುಗು. ಆದರೂ ಮಕ್ಕಳ ಕನ್ನಡ ಉಚ್ಚಾರ ತಿದ್ದುತ್ತಿದ್ದರು, ತಪ್ಪಿದ ಸಾಲನ್ನು ತಾವೇ ಹಾಡಿ ತೋರಿಸುತ್ತಿದ್ದರು. ಮಗು ನಗುತ್ತಲೇ ತಿದ್ದಿಕೊಳ್ಳುತ್ತಿತ್ತು. ನಾವು ಮನೆಯಲ್ಲಿ ಕೂತು ನೋಡುತ್ತಿದ್ದವರೂ ಕಲಿಯುತ್ತಿದ್ದೆವು.

ನಾನು ಕೇಳುವುದು ಜಾಸ್ತಿ ಏನಿಲ್ಲ. ಆ ಸಂಚಿಕೆಯಲ್ಲಿ ನನ್ನ ಶಿಷ್ಯೆಗೆ ಕಳೆದ ನಾಲ್ಕು ಅಂಕ ಯಾವ ಯಾವುದಕ್ಕೆ ಹೋಯಿತು ಅಂತ ತೀರ್ಪುಗಾರರಿಂದ ಬರೆಸಿ ಕಳಿಸಿ. ಅವರು ನೆನಪಿಲ್ಲ ಅಂದರೆ ತಿದ್ದದೇ ಇರುವ ಮೂಲ ರೆಕಾರ್ಡಿಂಗ್ ಕೇಳಿಸಿ ಬರೆಸಿ. ಎಡಿಟಿಂಗ್‌ನಲ್ಲಿ ಅಂಟಿಸಿದ ಆ ಶಾಟನ್ನು ಆನ್‌ಲೈನ್‌ನಲ್ಲಿರುವ ಸಂಚಿಕೆಯಿಂದ ತೆಗೆಯಿರಿ. ಇನ್ನು ಮುಂದೆ ಮಗುವಿನ ಶ್ರುತಿ ಬದಲಾಯಿಸುವುದಾದರೆ ಕಲಿಸಿದವರನ್ನು ಕೇಳಿ, ಕೊನೇಪಕ್ಷ ಎರಡು ದಿನ ಮುಂಚೆ ಹೇಳಿ. ಮನೆ ಕಥೆಯನ್ನು ಅಂಕ ಕೊಟ್ಟ ಮೇಲೆ ಮಾತಾಡಿ, ಮೊದಲು ಬೇಡ.

2021ರಲ್ಲಿ ತಿದ್ದುಪಡಿಯಾದ ಕೇಬಲ್ ಟೆಲಿವಿಷನ್ ನೆಟ್‌ವರ್ಕ್ಸ್ ನಿಯಮಗಳ ಪ್ರಕಾರ ವೀಕ್ಷಕರ ದೂರು ತಲುಪಿದೆ ಅಂತ 24 ಗಂಟೆಯೊಳಗೆ ತಿಳಿಸಬೇಕು, 15 ದಿನದೊಳಗೆ ಅದನ್ನು ಇತ್ಯರ್ಥ ಮಾಡಬೇಕು. ಅದಕ್ಕೂ ಮೇಲಿನ ಹಂತ ಇದೆ ಅಂತ ಗೊತ್ತು. ಅಲ್ಲಿಗೆ ಹೋಗುವ ಹಾಗೆ ಮಾಡಬೇಡಿ.

ಉತ್ತರವನ್ನು ಕಾಗದದಲ್ಲೇ, ಕನ್ನಡದಲ್ಲೇ ಕಳಿಸಿ. ಅವಳು ಪ್ರತಿ ಶನಿವಾರ ಮಧ್ಯಾಹ್ನದ ಬಸ್ಸಿಗೆ ಆಲೂರಿನಿಂದ ಪಾಠಕ್ಕೆ ಬರುತ್ತಾಳೆ. ನಿಮ್ಮ ಕವರನ್ನು ನಾನು ಒಡೆಯದೆ ಅವಳ ಕೈಗೇ ಕೊಡುತ್ತೇನೆ.

ಇಂತಿ,
ಸಂಗೀತ ಶಿಕ್ಷಕಿ, ಹಾಸನ