ಕಿರೀಟ ತೆಗೆದ ಮೇಲಿನ ಫೋಟೊ ಹಾಕಿ

ಸಂಪಾದಕರಿಗೆ ನಮಸ್ಕಾರ.

ಕೃಷ್ಣ ಜನ್ಮಾಷ್ಟಮಿ ಆದ ಮೇಲೆ ನಿಮ್ಮ ಪತ್ರಿಕೆಯಲ್ಲಿ ಇಡೀ ಒಂದು ಪುಟ ಮುದ್ದುಕೃಷ್ಣರ ಫೋಟೊ ಬಂದಿತ್ತು. ರಾತ್ರಿ ಹಳ್ಳಿಯಲ್ಲೇ ಉಳಿಯುವ ವಸ್ತಿ ಬಸ್ಸಿನಲ್ಲಿ ಮಲಗುವ ಮುಂಚೆ ಮೊಬೈಲ್ ಬೆಳಕು ಹಿಡಿದು ಸುಮ್ನೆ ಎಣಿಸಿದೆ. 46 ಕೃಷ್ಣ, 9 ರಾಧೆ. ಒಬ್ಬ ಕೃಷ್ಣನ ಕೆನ್ನೆಯ ಮೇಲೆ ಕಣ್ಣೀರಿಗೆ ಕಾಡಿಗೆ ಹರಿದಿತ್ತು. ಇಬ್ಬರ ಕಿರೀಟ ಹುಬ್ಬಿನ ತನಕ ಇಳಿದಿತ್ತು. ಉಳಿದವರೆಲ್ಲ ಒಂದೇ ಥರ ಕೊಳಲು ಹಿಡಿದಿದ್ದರು. ದೂರು ಹೇಳಲಿಕ್ಕೆ ಬರೆಯುತ್ತಿಲ್ಲ. ಒಂದು ಬೇಡಿಕೆ ಇದೆ. ಪತ್ರ ತಡವಾಗಿ ಬರುತ್ತಿದೆ, ಅದಕ್ಕೂ ಒಂದು ಕಾರಣ ಇದೆ. ಕೊನೆಗೆ ಹೇಳುತ್ತೇನೆ.

ನಾನು ಹಾವೇರಿಯವನು, ಸರಕಾರಿ ಬಸ್ಸಿನ ಕಂಡಕ್ಟರ್. ಇಬ್ಬರು ಮಕ್ಕಳು. ದೊಡ್ಡಾಕಿ 2014ರಲ್ಲಿ ಹುಟ್ಟಿದವಳು, ಸಣ್ಣಾವ 2018ರಲ್ಲಿ. ನಮ್ಮ ದೊಡ್ಡಾಕಿಯೂ ಒಮ್ಮೆ ಇಂಥದೇ ಪುಟದಲ್ಲಿ ಕೃಷ್ಣ ಆಗಿದ್ದಳು, 2017ರಲ್ಲಿ. ಬಾಡಿಗೆ ಡ್ರೆಸ್ಸು, ಹಿಂದೆ ಪಿನ್ನು ಚುಚ್ಚಿ ಬಿಗಿ ಮಾಡಿದ್ದು. ಫೋಟೊ ಅಂಚೆಚೀಟಿಗಿಂತ ಚೂರು ದೊಡ್ಡದು ಬಂತು. ಅದನ್ನು ಕತ್ತರಿಸಿ ಟ್ರೆಜರಿ (ಬೀರು) ಬಾಗಿಲ ಒಳಗೆ ಅಂಟಿಸಿದ್ದೇವೆ. ಈಗ ಹಳದಿಯಾಗಿದೆ. ಅದನ್ನು ನೋಡಿದಾಗ ನನಗೆ ನೆನಪಾಗುವುದು ಮಾತ್ರ ಬೇರೆಯೇ. ಸ್ಟುಡಿಯೋದಿಂದ ಹೊರಗೆ ಬಂದವಳೇ ಕಿರೀಟ ಕಿತ್ತು ನನ್ನ ಕೈಗೆ ಕೊಟ್ಟಳು. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು, ಕೊಳಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ನೀಲಿ ಬಣ್ಣದ ಕೈಯಿಂದ ಮಂಡಕ್ಕಿ ತಿಂದಳು. ಮಂಡಕ್ಕಿಯೂ ನೀಲಿ ಆಯಿತು. ಆ ಫೋಟೊ ಯಾರೂ ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ, ಫೋಟೊದ ಕೆಲಸ ಮುಗಿದಿತ್ತಲ್ಲ!

ನಮ್ಮ ಕಸುಬಿನಲ್ಲಿ ಒಂದು ರೂಢಿ ಇದೆ, ಎಲ್ಲರಿಗೂ ಗೊತ್ತಿರುವುದೇ. ಚಿಲ್ಲರೆ ಇಲ್ಲದಿದ್ದರೆ ಟಿಕೆಟ್ ಹಿಂದೆ ಬಾಕಿ ಬರೆದು ಕೊಡುತ್ತೇವೆ. ಇಳಿಯುವಾಗ ತೋರಿಸಿ ಇಸಿದುಕೊಳ್ಳಬೇಕು. ಹಾಗಾಗಿ ಕಿವಿಯ ಮೇಲೆ ಪೆನ್ನು, ಕೈಯಲ್ಲಿ ಕಾಗದ ಸದಾ ಇರುತ್ತದೆ. ಟಿಕೆಟ್ ಮಷೀನಿನ ರೋಲ್ ಮುಗಿಯುತ್ತಾ ಬಂದಾಗ ಕಾಗದದ ಅಂಚಿಗೆ ಬಣ್ಣದ ಗೆರೆ ಬರುತ್ತದೆ. ಅಂದರೆ ರೋಲ್ ಬದಲಿಸು ಅಂತ. ಆ ಕೊನೆಯ ಗೇಣುದ್ದ ಕಾಗದ ಕಸಕ್ಕೆ ಹೋಗುವಂಥದ್ದು. ನಾನು ಅದನ್ನು ಜೇಬಿಗೆ ಹಾಕಿಕೊಳ್ಳುತ್ತೇನೆ.

2018ರ ಒಂದು ರಾತ್ರಿ. ಹಾನಗಲ್ ಕಡೆಯ ಒಂದು ಹಳ್ಳಿಗೆ ವಸ್ತಿ ಹೋಗಿದ್ದೆ. ಸಣ್ಣಾವ ಆಗ ಕೂಸು, ಮನೆಯವಳು ಅವನನ್ನು ಮಲಗಿಸುತ್ತಾ ಫೋನನ್ನು ದೊಡ್ಡಾಕಿಯ ಕೈಗೆ ಕೊಟ್ಟಿದ್ದಳು. ಆಕೆ ಕೇಳಿದಳು: "ಅಪ್ಪಾ, ಬಸ್ಸಿಗೆ ಅವ್ವ ಇಲ್ಲೇನು? ಅದ್ಯಾಕ ರಾತ್ರಿ ಹೊರಗ ಮಕ್ಕೊಂತೈತಿ?" ನಕ್ಕು ಫೋನ್ ಇಟ್ಟೆ. ಆಮೇಲೆ ಯಾಕೋ ಬೆಳಿಗ್ಗೆ ಇದು ಮರೆತು ಹೋಗುತ್ತದೆ ಅನಿಸಿತು. ಜೇಬಿನಲ್ಲಿದ್ದ ರೋಲಿನ ತುಂಡು ತೆಗೆದು ಬರೆದೆ, ಕೆಳಗೆ ತಾರೀಖು ಹಾಕಿದೆ. ಚಿಲ್ಲರೆ ಬಾಕಿ ಬರೆಯುವ ಹಾಗೆಯೇ. ಅಲ್ಲಿಂದ ಶುರು. ಈಗ ಒಂದು ಬಿಸ್ಕೀಟ್ ಡಬ್ಬಿ ತುಂಬಿ ಎರಡನೆಯದಕ್ಕೆ ಬಂದಿದೆ. ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾಯಿತಲ್ಲ, ಹೆಣ್ಣುಮಕ್ಕಳಿಗೆ ಪ್ರಯಾಣ ಪುಕ್ಕಟೆ ಆದರೂ ಟಿಕೆಟ್ ಹರಿಯಲೇಬೇಕು. ರೋಲು ಜಾಸ್ತಿ ಮುಗಿಯುತ್ತವೆ. ನನ್ನ ಕಾಗದಕ್ಕೆ ಬರ ಇಲ್ಲ.

ಬೇರೆಯವರ ಮಕ್ಕಳು ಬೆಳೆಯುವುದನ್ನು ನಮ್ಮಷ್ಟು ಹತ್ತಿರದಿಂದ ನೋಡುವವರು ಕಡಿಮೆ. ನಮ್ಮ ಲೆಕ್ಕದಲ್ಲಿ ಮಗು ಬೆಳೆಯುವುದು ಮೂರು ಹಂತದಲ್ಲಿ. ಆರು ತುಂಬುವ ತನಕ ಟಿಕೆಟ್ ಇಲ್ಲ, ಆಮೇಲೆ ಹನ್ನೆರಡರ ತನಕ ಅರ್ಧ, ಆಮೇಲೆ ಪೂರ್ತಿ. "ಇವಗ ಇನ್ನೂ ಐದು ತುಂಬಿಲ್ರಿ ಅಣ್ಣಾರ" ಎಂದು ತಾಯಿ ಹೇಳುತ್ತಾಳೆ. ಮಗ ಪಕ್ಕದಿಂದ, "ಯವ್ವಾ, ನಾ ಎರಡನೇತ್ತಾ ಅಲ್ಲೇನು?" ಅನ್ನುತ್ತಾನೆ. ಬಸ್ಸಿಗೆ ಬಸ್ಸೇ ನಗುತ್ತದೆ. ಈಗ ಈ ಜಗಳ ಗಂಡುಮಕ್ಕಳದು ಮಾತ್ರ, ಹುಡುಗಿಯರಿಗೆ ಹೇಗೂ ದುಡ್ಡಿಲ್ಲ. ಒಂದು ಹುಡುಗ ಬ್ಯಾಡಗಿ ಗಾಡಿಯಲ್ಲಿ ಮೂರು ವರ್ಷ ಐದರಲ್ಲೇ ಇದ್ದ. ಬ್ಯಾಡಗಿಯ ಮಾತು ಬಂತು, ಹೇಳಿಬಿಡುತ್ತೇನೆ: ಮೆಣಸಿನಕಾಯಿ ಸೀಜನ್ನಿನಲ್ಲಿ ಆ ದಾರಿಯ ಡ್ಯೂಟಿ ಮುಗಿಸಿ ಮನೆಗೆ ಬಂದರೆ ದೊಡ್ಡಾಕಿ ನನ್ನ ಖಾಕಿ ಅಂಗಿ ಮೂಸಿ, ಒಂದು ಸೀನು ಸೀನಿ, "ಇವತ್ತು ಬ್ಯಾಡಗಿ ಗಾಡಿ" ಅನ್ನುತ್ತಿದ್ದಳು. ಇದು ಯಾವ ಫೋಟೊದಲ್ಲಿ ಬರುತ್ತದೆ ಹೇಳಿ?

2020ರ ಮಾರ್ಚ್ ಕೊನೆಗೆ ಬಸ್ಸು ನಿಂತವು. ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ವಾರಗಟ್ಟಲೆ ಮನೆಯಲ್ಲಿ ಕೂತೆ. ಆಗ ಗೊತ್ತಾಗಿದ್ದು, ನನ್ನ ಮಗಳು ಚಹಾದಲ್ಲಿ ರೊಟ್ಟಿ ಅದ್ದಿ ತಿನ್ನುತ್ತಾಳೆ ಅಂತ. ಅವ್ವನ ಕಿವಿ ಹಿಡಿದುಕೊಂಡೇ ನಿದ್ದೆ ಮಾಡುತ್ತಾಳೆ ಅಂತ. ಆರು ವರ್ಷ ಒಂದೇ ಮನೆಯಲ್ಲಿದ್ದೂ ಗೊತ್ತಿರಲಿಲ್ಲ. ಸಣ್ಣಾವನಿಗೆ ಆಗ ಎರಡು ವರ್ಷ, ಮಾತು ಬರುತ್ತಿತ್ತು. ಮನೆಯವಳು ಅನ್ನ ಕಲಸಿ ಬಾಯಿಗೆ ಇಡುತ್ತಾ ಹೋದರೆ, ಹೊಟ್ಟೆ ತುಂಬಿದಾಗ ಕೈ ಮುಂದೆ ಮಾಡಿ "ಹೋಲ್ಡಾನ್" ಅನ್ನುತ್ತಿದ್ದ. ಮತ್ತೆ ಬೇಕಾದರೆ "ರೈಟ್ ರೈಟ್." ನಾವು ನಕ್ಕಷ್ಟೂ ಜಾಸ್ತಿ ಹೇಳುತ್ತಿದ್ದ, ಅನ್ನ ತಿನ್ನುವುದು ಬಿಟ್ಟು.

ಆ ದಿನಗಳ ಫೋಟೊ, ವಿಡಿಯೊ ಬಹಳ ಇದ್ದವು. ಎಲ್ಲ ಹೋದವು. 2022ರ ಮಳೆಗಾಲದಲ್ಲಿ ಬಸ್ ಸ್ಟ್ಯಾಂಡಿನ ಗುಂಡಿಯ ನೀರಿಗೆ ಮೊಬೈಲ್ ಬಿತ್ತು. ರಿಪೇರಿ ಅಂಗಡಿಯವನು ಮೊಬೈಲ್ ಉಳಿಸಿಕೊಟ್ಟ, ಒಳಗಿದ್ದದ್ದನ್ನು ಪೂರ್ತಿ ಅಳಿಸಿ ಕೊಟ್ಟ. "ಬ್ಯಾಕಪ್ ಇಟ್ಟಿರಲಿಲ್ಲೇನ್ರಿ?" ಎಂದು ನನ್ನನ್ನೇ ಕೇಳಿದ. ಆಮೇಲೆ ತಿಳಿದವರು ಹೇಳಿದರು, ಗೂಗಲ್ 15 ಜಿಬಿ ಜಾಗ ಪುಕ್ಕಟೆ ಕೊಡುತ್ತದೆ, ಮೊದಲು ಫೋಟೊ ಆ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ, 2021ರ ಜೂನ್ 1ರಿಂದ ಹಿಡಿಯುತ್ತದೆ ಅಂತ. ಜಾಗ ತುಂಬಿದೆ ಎಂದು ಮೊಬೈಲ್ ದಿನಾ ಹೇಳುತ್ತಿತ್ತು. ನಾನು ಬೆರಳಿನಿಂದ ಆಚೆ ಸರಿಸಿ ಡ್ಯೂಟಿಗೆ ಹೋಗುತ್ತಿದ್ದೆ. ತಪ್ಪು ನನ್ನದೇ.

ಮನೆಯವಳು, "ಹೋಗ್ಲಿ ಬಿಡ್ರಿ, ಹುಡುಗ್ರು ಇಲ್ಲೇ ಅದಾವಲ್ಲ" ಎಂದಳು. ಹುಡುಗರು ಇಲ್ಲೇ ಇದ್ದಾರೆ, ನಿಜ. ಆದರೆ ಆ ಎರಡು ವರ್ಷದವನು ಎಲ್ಲಿದ್ದಾನೆ? ಡಬ್ಬಿ ತೆಗೆದು ಹುಡುಕಿದೆ. ಹಳೇ ಲೈಟ್ ಬಿಲ್ಲಿನ ಹಿಂದೆ ಬರೆದದ್ದು ಸಿಕ್ಕಿತು. "ಹೋಲ್ಡಾನ್ ಅಂದ. ಸಾರು ಅನ್ನ. ನಾಲ್ಕು ತುತ್ತು ಉಳಿದಿತ್ತು." ಲಾಕ್‌ಡೌನ್‌ನಲ್ಲಿ ರೋಲು ಎಲ್ಲಿಂದ ಬರಬೇಕು, ಲೈಟ್ ಬಿಲ್ಲೇ ಗತಿ.

ಚೀಟಿಗಳ ವಿಷಯದಲ್ಲೂ ನಾನು ಶಾಣ್ಯಾ ಅಲ್ಲ. 2023ರ ಜನವರಿ 6ರಿಂದ ಮೂರು ದಿನ ನಮ್ಮೂರಲ್ಲಿ 86ನೇ ಸಾಹಿತ್ಯ ಸಮ್ಮೇಳನ ಆಯಿತಲ್ಲ, ಕೊನೆಯ ದಿನ ರವಿವಾರ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಸಣ್ಣಾವ ನನ್ನ ಹೆಗಲ ಮೇಲೆ. ಹೊಸ ಮೊಬೈಲಿನಲ್ಲಿ ತೆಗೆದ ಫೋಟೊದಲ್ಲಿ ಬಂದದ್ದು ಅವನ ಗದ್ದ, ಹಿಂದೆ ಶಾಮಿಯಾನ. ಅವನ ಒಂದು ಚಪ್ಪಲಿಯೂ ಅಲ್ಲೇ ಹೋಯಿತು. ಆದರೆ ಮೇಲೆ ಕೂತು ಅವನು ಒಂದು ಮಾತು ಕೇಳಿದ: "ಅಪ್ಪಾ, ಇಷ್ಟು ಮಂದಿಗೆ ಯಾರು ಟಿಕೆಟ್ ಹರಿತಾರ?" ಆ ಚೀಟಿ ಬಹಳ ಚಲೋ ಅನಿಸಿ, ಕೆಡಬಾರದು ಎಂದು ಲ್ಯಾಮಿನೇಷನ್ ಮಾಡಿಸಲು ಝೆರಾಕ್ಸ್ ಅಂಗಡಿಗೆ ಕೊಟ್ಟೆ. ಮಷೀನಿನ ಆ ಕಡೆಯಿಂದ ಕಾಗದ ಪೂರಾ ಕರ್ರಗೆ ಬಂತು. ಟಿಕೆಟ್ ಕಾಗದಕ್ಕೆ ಶಾಯಿ ಬೇಡ, ಬಿಸಿ ತಾಗಿದರೆ ಅದೇ ಕಪ್ಪಾಗುತ್ತದೆ. ಆ ಮಷೀನು ಇಡೀ ದಿನ ಕೈಯಲ್ಲಿ ಹಿಡಿಯುವ ನನಗೇ ಇದು ಹೊಳೆಯಲಿಲ್ಲ! ಈಗ ಅದನ್ನು ಬೆಳಕಿಗೆ ಓರೆ ಹಿಡಿದರೆ ಪೆನ್ನಿನ ಗೆರೆ ಅಷ್ಟಿಷ್ಟು ಕಾಣುತ್ತದೆ.

ಇನ್ನೊಂದು ಇದೆ. 2024ರಲ್ಲಿ ಸಣ್ಣಾವನಿಗೆ ಆರು ತುಂಬಿತು. ಹುಟ್ಟುಹಬ್ಬಕ್ಕೆ ಏನು ಬೇಕು ಎಂದರೆ "ಅರ್ಧ ಟಿಕೆಟ್" ಎಂದ. ಅಕ್ಕನಿಗೆ ಟಿಕೆಟ್ ಸಿಗುತ್ತದೆ, ನನಗೆ ಯಾಕಿಲ್ಲ ಎಂಬ ಸಿಟ್ಟು ಎಷ್ಟೋ ದಿನದಿಂದ ಇತ್ತು. ಹಾವೇರಿಯಿಂದ ಬ್ಯಾಡಗಿಗೆ ನನ್ನ ಕೈಯಿಂದ ದುಡ್ಡು ಹಾಕಿ ಅರ್ಧ ಟಿಕೆಟ್ ಹರಿದು ಕೊಟ್ಟೆ. ಬ್ಯಾಡಗಿ ಬರುವ ತನಕ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದ. ಅಡ್ಡಡ್ಡ ಕೂತರೆ ಟಿಕೆಟ್ ಇಲ್ಲದವನು ಅನ್ನುತ್ತಾರೆ ಅಂತ ಸೀಟಿನಲ್ಲಿ ನೆಟ್ಟಗೆ ಕೂತಿದ್ದ. ಆ ಟಿಕೆಟ್ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟೆವು. ಒಂದೇ ವರ್ಷಕ್ಕೆ ಅಚ್ಚು ಅಳಿಸಿ ಬಿಳೀ ಕಾಗದ ಆಯಿತು. ಊರೂ ಇಲ್ಲ, ದರವೂ ಇಲ್ಲ. ಹಿಂದೆ ಬಾಲ್ ಪೆನ್ನಿನಲ್ಲಿ ನಾನು ಬರೆದದ್ದು ಮಾತ್ರ ಹಾಗೇ ಇದೆ: "ಇವತ್ತಿನಿಂದ ಅರ್ಧ."

ನನ್ನ ಬಾಲ್ಯದ್ದು ಒಂದೇ ಫೋಟೊ ಇದೆ. ತಾಜ್‌ಮಹಲ್ ಬಿಡಿಸಿದ ಪರದೆಯ ಮುಂದೆ, ಕಾಕಾನ ಮಗನ ಅಂಗಿ ಹಾಕಿಕೊಂಡು ನಿಂತಿದ್ದೇನೆ. ನಾನು ಸಣ್ಣವನಿದ್ದಾಗ ಏನು ಮಾತಾಡುತ್ತಿದ್ದೆ ಎಂದು ಅವ್ವನನ್ನು ಕೇಳಿದೆ. ಬಹಳ ಹೊತ್ತು ಯೋಚನೆ ಮಾಡಿದಳು. "ಏನೋ ಒಟ್ಟು ಬಡಬಡಸ್ತಿದ್ದಿ ಬಿಡಪಾ" ಎಂದಳು.

ಈಗ ಬೇಡಿಕೆ. ಮುದ್ದುಕೃಷ್ಣರನ್ನು ಹಾಕಿ, ಬೇಡ ಅನ್ನುವುದಿಲ್ಲ. ಡ್ರೆಸ್ ಅಂಗಡಿಯವರೂ ಬದುಕಬೇಕು. ಆದರೆ ವರ್ಷಕ್ಕೆ ಒಂದು ಪುಟವನ್ನು ಕಿರೀಟ ತೆಗೆದ ಮೇಲಿನ ಮಕ್ಕಳಿಗೆ ಕೊಡಿ. ಹೋಂವರ್ಕ್ ಪುಸ್ತಕದ ಮೇಲೆ ಬಾಯಿ ತೆರೆದು ಮಲಗಿದವರು, ಹಾಲಲ್ಲು ಬಿದ್ದವರು, ಅಜ್ಜಿಯ ಜೊತೆ ಅವರೆಕಾಯಿ ಸುಲಿಯುತ್ತಾ ಅರ್ಧ ಕಾಳು ಬಾಯಿಗೆ ಹಾಕಿಕೊಳ್ಳುವವರು. ಫೋಟೊದ ಕೆಳಗೆ ಹೆಸರು, ಶಾಲೆ ಬೇಡ. ವಯಸ್ಸು, ಊರು ಸಾಕು. ಅದರ ಬದಲು ಮಗು ಆ ದಿನ ಆಡಿದ ಒಂದು ಮಾತು ಹಾಕಿ. ಫೋಟೊ ಇಲ್ಲದಿದ್ದರೆ ಬರೀ ಮಾತು ಹಾಕಿ, ಹಳ್ಳಿಯಲ್ಲಿ ಎಷ್ಟೋ ಮನೆಯಲ್ಲಿ ಮೊಬೈಲ್ ಗಂಡಸರ ಜೇಬಿನಲ್ಲಿ ಊರು ತಿರುಗುತ್ತಿರುತ್ತದೆ. ಮಾತು ಕೇಳಿಸಿಕೊಂಡವರು ಮನೆಯಲ್ಲಿರುವ ತಾಯಂದಿರು. ನನ್ನ ಡಬ್ಬಿಯ ಅರ್ಧ ಚೀಟಿ ಮನೆಯವಳು ಫೋನಿನಲ್ಲಿ ಹೇಳಿ ಬರೆಸಿದ್ದೇ.

ಇದಕ್ಕೆ ಒಂದು ಷರತ್ತು ಸೇರಿಸಿ ಎಂದು ದೊಡ್ಡಾಕಿ ಹೇಳಿದ್ದಾಳೆ. ಎಂಟು ವರ್ಷ ದಾಟಿದ ಮಕ್ಕಳಿಗೆ ಕೇಳಿಯೇ ಹಾಕಬೇಕಂತೆ. ಎರಡು ವರ್ಷದ ಹಿಂದೆ ಆಕೆ ಎಣ್ಣೆ ಹಚ್ಚಿಕೊಂಡು ಕೂತ ಫೋಟೊವನ್ನು ನಾನು ಸ್ಟೇಟಸ್ ಇಟ್ಟಿದ್ದೆ. ಸಾಲಿಯ ಗೆಳತಿಯ ಅಪ್ಪ ನೋಡಿ, ಗೆಳತಿಗೆ ತೋರಿಸಿ, ದೊಡ್ಡ ರಾದ್ಧಾಂತ ಆಯಿತು. ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಹಾಗಾಗಿ ಈ ಪತ್ರದಲ್ಲಿರುವುದನ್ನೆಲ್ಲ ಆಕೆ ಓದಿ ಒಪ್ಪಿದ್ದಾಳೆ. ಎರಡು ಕಡೆ ಹೊಡೆದು ಹಾಕಿದ್ದಾಳೆ. ಅವು ನಿಮಗೆ ಸಿಗುವುದಿಲ್ಲ.

ಒಂದು ಚೀಟಿಗೆ ಮಾತ್ರ ತಕರಾರು ಎದ್ದಿತು. ಶ್ರಾವಣದಲ್ಲಿ ಒಂದು ರಾತ್ರಿ ಡಿಪೊದಲ್ಲಿ ಕ್ಯಾಷ್ ಕಟ್ಟಲು ಬ್ಯಾಗು ತೆಗೆದರೆ ನೋಟಿನ ನಡುವೆ ರೋಲಿನ ತುಂಡು ಇತ್ತು. ನನ್ನ ಅಕ್ಷರ ಅಲ್ಲ. "ಬಾಕಿ: ರವಿವಾರ 3" ಎಂದು ಬರೆದು ಕೆಳಗೆ ನನ್ನ ಹಾಗೆಯೇ ಗೀಟು ಎಳೆದು ದೊಡ್ಡಾಕಿ ಸಹಿ ಮಾಡಿದ್ದಳು. ಇದನ್ನು ಪೇಪರಿಗೆ ಬರೆಯಲೇ ಎಂದು ಕೇಳಿದೆ. "ಬರಿ, ಆದ್ರ ಬಾಕಿ ತೀರಿಸಿದ ಮ್ಯಾಲ" ಎಂದಳು. ಪತ್ರ ತಡ ಆಗಿದ್ದು ಇದಕ್ಕೇ. ರವಿವಾರವೇ ರಜೆ ಸಿಗುವುದು ನಮ್ಮ ಕೆಲಸದಲ್ಲಿ ಅಷ್ಟು ಸುಲಭ ಇಲ್ಲ, ಬೇರೆಯವರ ಜೊತೆ ಡ್ಯೂಟಿ ಬದಲಿಸಿಕೊಳ್ಳಬೇಕು. ಮೊದಲನೆಯದಕ್ಕೆ ಹೆಗ್ಗೇರಿ ಕೆರೆಗೆ ಹೋದೆವು. ಎರಡನೆಯದಕ್ಕೆ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್. ಮೂರನೆಯದು ಮೊನ್ನೆ. ಎಲ್ಲಿಗೂ ಬೇಡ, ಮನೆಯಲ್ಲೇ ಇರು ಎಂದಿದ್ದಳು. ಇದ್ದೆ. ಮಿರ್ಚಿ ಭಜಿ ಮಾಡಿದರು, ತಿಂದೆ, ಹಿಂದಿನ ರಾತ್ರಿ ವಸ್ತಿ ಆಗಿತ್ತಲ್ಲ, ಕೂತಲ್ಲೇ ನಿದ್ದೆ ಹತ್ತಿತು. ಎದ್ದಾಗ ದೀಪ ಹಚ್ಚಿದ್ದರು.

"ಮೂರೂ ತೀರಿತಲ್ಲವ್ವಾ, ಪತ್ರ ಕಳಸ್ಲೇನು?" ಎಂದೆ.

"ಕಳಸು. ಆದ್ರ ಇವತ್ತಿಂದು ಅರ್ಧ ಟಿಕೆಟ್" ಎಂದಳು.

ಇಂತಿ ನಿಮ್ಮ ಓದುಗ,
ಒಬ್ಬ ಬಸ್ ಕಂಡಕ್ಟರ್, ಹಾವೇರಿ