ಹೇ (ಹಸಿರಿರುವಾಗಲೇ ಕೊಯ್ದು ಒಣಗಿಸಿದ ಮೇವು) ದರಕ್ಕೆ ರಾಗಿಹುಲ್ಲು: ಕುದುರೆ ಮೇವಿನ ಸರಬರಾಜಿನ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಮೇವು ಸರಬರಾಜು ವಿಭಾಗ,
ಬೆಂಗಳೂರು

ವಿಷಯ: ರೋಡ್ಸ್ ಹುಲ್ಲಿನ ಕಟ್ಟುಗಳಲ್ಲಿ ರಾಗಿಹುಲ್ಲು, ಭತ್ತದ ಹುಲ್ಲು ಬೆರೆಸಿ ಕಳಿಸಿರುವ ಕುರಿತು

ಮಾನ್ಯರೇ,

ನಾವು ಕೇಳಿದ್ದು ಮೇವಿಗೆಂದೇ ಬೆಳೆಯುವ ರೋಡ್ಸ್ ಹುಲ್ಲಿನ ಹೇ, 3 ಟನ್. ಇದೇ ತಿಂಗಳ 4ರಂದು ಯಲಹಂಕದ ಲಾಯದಲ್ಲಿ ಇಳಿಸಿದ ಕಟ್ಟುಗಳ ಹೊರಮೈ ನೋಡಿದರೆ ಅದೇ. ದಾರ ಕತ್ತರಿಸಿ ಬಿಚ್ಚಿದರೆ ಒಳಗೆ ರಾಗಿಹುಲ್ಲು, ಕೆಲವದರಲ್ಲಿ ಭತ್ತದ ಹುಲ್ಲು. 20 ಕಟ್ಟು ಬಿಚ್ಚಿ, ಆರಿಸಿ ತೂಗಿದಾಗ ಹತ್ತಿರ ಹತ್ತಿರ ಅರ್ಧ ತೂಕ ಇವೇ. ಫೋನ್ ಮಾಡಿದ್ದಕ್ಕೆ ನಿಮ್ಮ ಕಚೇರಿಯಿಂದ ಬಂದ ಉತ್ತರ: "ಎರಡೂ ಒಣಹುಲ್ಲೇ ಅಲ್ವಾ ಸಾರ್, ಹಸು ತಿನ್ನಲ್ವಾ? ಅಷ್ಟೇ ತೂಕ ಹಾಕಿ." ಬಿಲ್ಲಿನಲ್ಲೂ ಬರೀ "ಒಣಹುಲ್ಲು" ಎಂದು ಬರೆದು, ದರ ಮಾತ್ರ ರೋಡ್ಸ್ ಹುಲ್ಲಿನದ್ದೇ ಹಾಕಿದ್ದೀರಿ.

ಮಾತಿನಲ್ಲಿ ಎರಡಕ್ಕೂ ಒಂದೇ ಹೆಸರಿರಬಹುದು. ಆದರೆ ಹೇ ಅಂದರೆ ಬೀಜ ಬಲಿಯುವ ಮೊದಲೇ, ಎಲೆ ಹಸಿರಾಗಿರುವಾಗಲೇ ಕೊಯ್ದು ಒಣಗಿಸಿದ್ದು. ರಾಗಿಹುಲ್ಲು, ಭತ್ತದ ಹುಲ್ಲು ತಮ್ಮ ಸತ್ವವನ್ನೆಲ್ಲ ಕಾಳಿಗೆ ಕೊಟ್ಟು ಉಳಿದ ಕಡ್ಡಿ. "ಅಷ್ಟೇ ತೂಕ ಹಾಕಿ" ಎಂಬ ಸಲಹೆಯ ಲೆಕ್ಕ ನೋಡಿ. 450 ಕೆಜಿ ತೂಗುವ ಕುದುರೆಗೆ ದಿನಕ್ಕೆ ಮೈತೂಕದ ಶೇ. 2ರಷ್ಟು, ಅಂದರೆ ನೀರಂಶ ಕಳೆದು 9 ಕೆಜಿ ಮೇವು ಬೇಕು. ಸರಿಯಾದ ಹೊತ್ತಿಗೆ ಕೊಯ್ದ ರೋಡ್ಸ್ ಹುಲ್ಲಿನಲ್ಲಿ ಶೇ. 8ರ ಆಸುಪಾಸು ಪ್ರೋಟೀನ್ ಇರುತ್ತದೆ. 9 ಕೆಜಿಗೆ 720 ಗ್ರಾಂ. ಹಗುರ ಸವಾರಿಗೆ ಬಳಸುವ ಕುದುರೆಗೆ ಬೇಕಾದದ್ದು ಸುಮಾರು 630 ಗ್ರಾಂ. ರಾಗಿಹುಲ್ಲಿನಲ್ಲಿ ಶೇ. 4 ಸಿಕ್ಕರೆ ಹೆಚ್ಚು. ಅರ್ಧಕ್ಕರ್ಧ ಬೆರೆತರೆ 540 ಗ್ರಾಂಗೆ ಇಳಿಯುತ್ತದೆ. ಆ ಕೊರತೆ ತುಂಬಲು ಒಂದೊಂದು ಕುದುರೆಗೆ 400 ಗ್ರಾಂನಷ್ಟು ಹುರುಳಿ ಹೆಚ್ಚಾಗಿ ಬೇಯಿಸಬೇಕು. ಆ ಹುರುಳಿಯ ಬಿಲ್ ಯಾರಿಗೆ ಕಳಿಸೋಣ?

ಹಸುವಿನ ಹೋಲಿಕೆಯಂತೂ ಇಲ್ಲಿ ನಡೆಯುವುದೇ ಇಲ್ಲ. ಹಸು ಮೆಲುಕು ಹಾಕಿ, ಮೇವನ್ನು ಮೊದಲ ಹೊಟ್ಟೆಯಲ್ಲೇ ಕೊಳೆಸಿಕೊಳ್ಳುತ್ತದೆ. ಕುದುರೆಗೆ ನಾರು ಕೊಳೆಯುವುದು ಕೊನೆಗೆ, ದೊಡ್ಡ ಕರುಳಿನಲ್ಲಿ. ಗಡಸು ಕಡ್ಡಿ ಜಾಸ್ತಿಯಾಗಿ ನೀರು ಕಡಿಮೆಯಾದರೆ, ಆ ಕರುಳು ಮಡಚಿ ಕಿರಿದಾಗುವ ತಿರುವಿನಲ್ಲಿ ಮೇವು ಗಟ್ಟಿ ಉಂಡೆಯಾಗಿ ನಿಲ್ಲುತ್ತದೆ. ಕುದುರೆ ನೋಡಿಕೊಳ್ಳುವ ಸೈಸ್‌ಗಳಿಗೆ ಇದು ಮೊದಲು ತಿಳಿಯುವುದು ಲದ್ದಿಯಲ್ಲಿ: ಉಂಡೆ ಸಣ್ಣದಾಗಿ, ಒಣಗಿ, ಮೇಲೆ ಲೋಳೆಯ ಪದರ. ಆಮೇಲೆ ಕುದುರೆ ಮುಂಗಾಲಿನಲ್ಲಿ ನೆಲ ಕೆರೆಯುತ್ತದೆ, ಪಕ್ಕೆಯತ್ತ ತಿರುಗಿ ತಿರುಗಿ ನೋಡುತ್ತದೆ. ಅಷ್ಟರಲ್ಲಿ ಪಶುವೈದ್ಯರು ಬಂದಿರಬೇಕು. ಹಲ್ಲು ಸವೆದ ಮುದಿ ಕುದುರೆಗಳಿಗೆ ಈ ಅಪಾಯ ಇನ್ನೂ ಹೆಚ್ಚು.

ಹಾಗಂತ ರಾಗಿಹುಲ್ಲು ಮುಟ್ಟಬಾರದೆಂಬ ಮಡಿ ನಮಗಿಲ್ಲ. ಮೈ ಬಂದ ಪೋನಿಗಳಿಗೆ (ಗಿಡ್ಡ ಕುದುರೆಗಳಿಗೆ), ಗೊರಸಿನ ಬೇನೆ ಬಂದು ಸಕ್ಕರೆ ಅಂಶ ತಗ್ಗಿಸಬೇಕಾದ ಕುದುರೆಗಳಿಗೆ ಒಳ್ಳೆಯ ರಾಗಿಹುಲ್ಲು ಉಪಯೋಗಕ್ಕೇ ಬರುತ್ತದೆ. ಬಾಯಿಗೆ ಹೊತ್ತು ಹೋಗುತ್ತದೆ, ಹೊಟ್ಟೆ ಖಾಲಿ ಇರುವುದಿಲ್ಲ. ಆದರೆ ಒಂದು ಹಿಡಿಯಿಂದ ಶುರುಮಾಡಿ ಎರಡು ವಾರದಲ್ಲಿ ನಿಧಾನವಾಗಿ ಏರಿಸಿ, ಒಟ್ಟು ಮೇವಿನ ಮೂರನೇ ಒಂದು ಭಾಗಕ್ಕೆ ನಿಲ್ಲಿಸಬೇಕು. ಬಕೆಟ್‌ನಲ್ಲಿ ನೀರು ಖಾಲಿಯಾಗಬಾರದು, ಉಪ್ಪಿನ ಗಟ್ಟಿ ಇರಬೇಕು, ಹಲ್ಲಿನ ಚೂಪು ಅಂಚುಗಳನ್ನು ಅರದಿಂದ ಉಜ್ಜಿಸಿ ಸಮ ಮಾಡಿಸಿರಬೇಕು. ಕಟ್ಟಿನೊಳಗೆ ಬಚ್ಚಿಟ್ಟು ಕಳಿಸಿದರೆ ಇದರಲ್ಲಿ ಒಂದನ್ನೂ ಪಾಲಿಸಲು ಸಾಧ್ಯವಿಲ್ಲ. ಒಂದು ಕಟ್ಟಿನಲ್ಲಿ ಕಾಲು ಭಾಗ, ಮರುದಿನ ಬಿಚ್ಚಿದ್ದರಲ್ಲಿ ಮುಕ್ಕಾಲು ಭಾಗ. ನಮಗೆ ಎಲ್ಲಕ್ಕಿಂತ ಭಯ ಹುಟ್ಟಿಸಿದ್ದು ಈ ಏರುಪೇರೇ.

ಬಂದ ಹುಲ್ಲಿನ ಗುಣಮಟ್ಟವೂ ಕೆಟ್ಟದ್ದು. ರಾಗಿಹುಲ್ಲನ್ನು ರಸ್ತೆ ಮೇಲೆ ಹರಡಿ ಒಕ್ಕಿದ್ದಾರೆ: ಕಡ್ಡಿ ನಜ್ಜುಗುಜ್ಜಾಗಿದೆ, ಜೊತೆಗೆ ಮರಳು, ಜಲ್ಲಿಯ ಚೂರು. 6 ಲದ್ದಿ ಉಂಡೆಗಳನ್ನು ಬಕೆಟ್ ನೀರಿನಲ್ಲಿ ಕಲಸಿ ಅರ್ಧ ಗಂಟೆ ಬಿಟ್ಟು ಮೇಲಿನದನ್ನು ಚೆಲ್ಲಿದಾಗ ತಳದಲ್ಲಿ ಮರಳು ಉಳಿಯಿತು. ಈ ಮರಳು ಕರುಳಿನಲ್ಲಿ ಕೂತರೆ ಅದೇ ಒಂದು ಬಗೆಯ ಹೊಟ್ಟೆಶೂಲೆ. ಭತ್ತದ ಹುಲ್ಲಿನಲ್ಲಿ ಸಿಲಿಕಾ ಜಾಸ್ತಿ, ಸುಣ್ಣದಂಶವನ್ನು ಹಿಡಿದಿಡುವ ಆಕ್ಸಲೇಟ್ ಬೇರೆ; ಲಾಯದಲ್ಲಿ ಅದನ್ನು ಹಾಸಿಗೆಗೆ ಹಾಕುವುದೇ ಲೇಸು. ಮೂರು ಕಟ್ಟುಗಳಿಗೆ ಮುಗ್ಗಲು ವಾಸನೆ ಇತ್ತು, ಒಡೆದರೆ ಬಿಳಿ ಬೂಷ್ಟಿನ ಧೂಳು ಎದ್ದಿತು. ಆ ಧೂಳು ಕೆಮ್ಮಿಗೆ ದಾರಿ. ನೀರಿನಲ್ಲಿ ನೆನೆಸಿದರೂ ಬೂಷ್ಟು ಹಿಡಿದ ಮೇವು ತಿನ್ನಿಸಲು ಯೋಗ್ಯವಾಗುವುದಿಲ್ಲ.

"ಎರಡೂ ಒಂದೇ ಥರ ಕಾಣುತ್ತೆ, ಲೋಡ್ ಮಾಡುವವರಿಗೆ ಗೊತ್ತಾಗಿಲ್ಲ" ಎಂಬ ಸಬೂಬನ್ನೂ ಕೇಳಿದ್ದೇವೆ. ರೋಡ್ಸ್ ಹುಲ್ಲಿನ ತೆನೆಯೂ ರಾಗಿಯಂತೆ ಬೆರಳು ಬಿಡಿಸಿದ ಹಾಗಿರುತ್ತದೆ, ನಿಜ. ಆದರೆ ಅದರ ಬೆರಳು ಕಡ್ಡಿಯಷ್ಟು ಸಣ್ಣ, ಕಾಂಡವೂ ಸಪೂರ. ರಾಗಿಯದ್ದು ದಪ್ಪ, ಒಳಕ್ಕೆ ಮುದುರಿದ ಬೆರಳು, ಕಾಂಡ ಚಪ್ಪಟೆ. ಕತ್ತಲಲ್ಲಿ ಕೈಯಾಡಿಸಿದರೂ ತಿಳಿಯುತ್ತದೆ. ಮೇವು ಮಾರುವವರಿಗೆ ಇದನ್ನು ನಾವು ಹೇಳಿಕೊಡಬೇಕೇ?

ಬಿಚ್ಚದ ಕಟ್ಟುಗಳನ್ನೆಲ್ಲ ಶೆಡ್‌ನಲ್ಲಿ ಬೇರೆ ಇಟ್ಟಿದ್ದೇವೆ. 7 ದಿನದೊಳಗೆ ನಿಮ್ಮ ಖರ್ಚಿನಲ್ಲೇ ಅವನ್ನು ವಾಪಸ್ ಒಯ್ದು, ಅಷ್ಟೇ ತೂಕದ ಶುದ್ಧ ರೋಡ್ಸ್ ಹುಲ್ಲು ಕೊಡಿ, ಇಲ್ಲವೇ ಹಣ ಹಿಂದಿರುಗಿಸಿ. ಬಿಚ್ಚಿದ 20 ಕಟ್ಟುಗಳ ಹಣವನ್ನೂ ಕೊಡಬೇಕು. ಮುಂದಿನ ಬಿಲ್ಲಿನಲ್ಲಿ ಹುಲ್ಲಿನ ಜಾತಿ, ಕೊಯ್ದ ತಿಂಗಳು ನಮೂದಾಗಿರಲಿ. ಇಳಿಸುವಾಗ ನಮ್ಮಿಷ್ಟದ 5 ಕಟ್ಟು ಬಿಚ್ಚಿ ನೋಡುತ್ತೇವೆ. ಕತ್ತರಿಸಿದ ಹುಲ್ಲನ್ನು ಒಣ ಪುಡಿ ಉಪ್ಪಿನ ಜೊತೆ ಬಾಟಲಿಗೆ ಹಾಕಿ ಕುಲುಕುತ್ತೇವೆ. ಉಪ್ಪು ಗಂಟುಕಟ್ಟಿದರೆ ತೇವ ಶೇ. 15 ದಾಟಿದೆ ಎಂದರ್ಥ, ಆ ಲೋಡ್ ಇಳಿಸಿಕೊಳ್ಳುವುದಿಲ್ಲ. ರಾಗಿಹುಲ್ಲು ಬೇಕೆನಿಸಿದಾಗ ಕೇಳಿಯೇ ತರಿಸುತ್ತೇವೆ, ರಾಗಿಹುಲ್ಲಿನ ದರಕ್ಕೆ.

ಇದು ವ್ಯಾಪಾರಕ್ಕಲ್ಲ, ಸ್ವಂತ ಕುದುರೆಗಳಿಗೆ ಮಾಡಿದ ಖರೀದಿ. ಗಡುವು ಮೀರಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ.

ಇತಿ,
ಕುದುರೆ ಮಾಲೀಕರು ಹಾಗೂ ಲಾಯದ ಮೇಲ್ವಿಚಾರಕರು
ಯಲಹಂಕ, ಬೆಂಗಳೂರು

ಲಗತ್ತು: ಬಿಲ್ಲಿನ ನಕಲು, ತೂಕದ ಚೀಟಿ, ಬಿಚ್ಚಿದ ಕಟ್ಟುಗಳ ಫೋಟೊ