"ಕಳ್ಳತನ ಡಬಲ್" ಮೆಸೇಜ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿಯಿಂದ "ನಮ್ಮ ಏರಿಯಾದಲ್ಲಿ ಕಳ್ಳತನ ಡಬಲ್" ಅನ್ನುವ ಮೆಸೇಜ್ ಓಡಾಡುತ್ತಿದೆ. 2 ಇದ್ದದ್ದು 4 ಆದರೂ ಡಬಲ್ಲೇ, ಅಲ್ವಾ? ಚಿಕ್ಕ ಬಡಾವಣೆಯಲ್ಲಿ ಒಂದೆರಡು ಪ್ರಕರಣಕ್ಕೇ ಶೇಕಡಾ ಲೆಕ್ಕ ಎಗರಿಬಿಡುತ್ತದೆ.

ಅಪರಾಧದ ಪ್ರಮಾಣವನ್ನು ಸಾಮಾನ್ಯವಾಗಿ 1 ಲಕ್ಷ ಜನರಿಗೆ ಇಷ್ಟು ಅಂತ ಹೇಳುತ್ತಾರೆ. ಆಫೀಸು, ಅಂಗಡಿ ತುಂಬಿದ ಕಡೆ ಬಂದುಹೋಗುವವರು ಜಾಸ್ತಿ, ವಾಸ ಇರುವವರು ಕಡಿಮೆ. ಭಾಗಿಸುವುದು ಮಾತ್ರ ವಾಸ ಇರುವವರಿಂದ. ಹಾಗಾಗಿ ಅಲ್ಲಿನ ಅಂಕಿ ಇದ್ದದ್ದಕ್ಕಿಂತ ಭಯಂಕರವಾಗಿ ಕಾಣುತ್ತದೆ. ಇನ್ನು, ದೂರು ಕೊಡದ ಕಳ್ಳತನ ಪೊಲೀಸರ ಲೆಕ್ಕಕ್ಕೇ ಬರುವುದಿಲ್ಲ. "ಹಳೇ ಸೈಕಲ್ ತಾನೇ" ಅಂತ ಸುಮ್ನೆ ಇರಬೇಡಿ.

ಒಮ್ಮೆ ಕಳ್ಳ ನುಗ್ಗಿದ ಮನೆಗೂ ಅದರ ಅಕ್ಕಪಕ್ಕಕ್ಕೂ ಮುಂದಿನ ಕೆಲವು ವಾರ ಅಪಾಯ ಜಾಸ್ತಿ. ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡಿರುವ ವಿಷಯ ಇದು. ಚಿಲಕ ರಿಪೇರಿ ಆ ವಾರವೇ ಆಗಬೇಕು. ನಾನೂ ಮೊನ್ನೆ ನಮ್ಮ ಬಾಗಿಲು ನೋಡಿದೆ. ಮುಂದೆ ಅಂಗೈಯಗಲದ ಬೀಗ, ಹಿಂದೆ ಎರಡು ಸ್ಕ್ರೂ ಬಿದ್ದುಹೋದ ಬೋಲ್ಟ್! ಬೆರಳಲ್ಲಿ ತಳ್ಳಿದರೆ ಅಲ್ಲಾಡುತ್ತಿತ್ತು.

ಮೂಲೆಯ ಬೀದಿದೀಪ ಕೆಟ್ಟಿದೆ. ನಾನು ದೂರು ಕೊಟ್ಟಿದ್ದೇನೆ, ನೀವೂ ಕೊಡಿ.

ದಯವಿಟ್ಟು ಅಪರಿಚಿತರ ಫೋಟೋ ಹಾಕಿ "ಇವನೇ ಕಳ್ಳ" ಅಂತ ಬರೆಯಬೇಡಿ. ಮೀಟರ್ ನೋಡಲು ಬಂದವನಿಗೆ ಏಟು ಬೀಳುವುದು ಹೀಗೇ. ಅನುಮಾನ ಬಂದರೆ ಸಮಯ, ಜಾಗ, ಗಾಡಿ ನಂಬರ್ ಬರೆದಿಟ್ಟುಕೊಂಡು ಪೊಲೀಸರಿಗೆ ತಿಳಿಸಿ. ಊರಿಗೆ ಹೋಗುವವರು ಇಲ್ಲಿ ತಾರೀಖು ಹಾಕಬೇಡಿ. ಪಕ್ಕದ ಮನೆಯವರಿಗೆ ಹೇಳಿದರೆ ಸಾಕು.